ಕುಲುಕಿ ಅಳೆದದ್ದು

ಸೇರಿದ ಪದವಿಯ ಹೆಸರು ಹೇಳಿದಾಗ
ಚಿಗವ್ವ ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿ ಕೇಳಿದ್ದಳು:
ಕಲಿಕೆಗೂ ಡಿಸೈನ್ ಇರ್ತತೇನೇ?
ಬೆನ್ನಿಗೆ ಗುಂಡಿಯೋ, ದಾರವೋ?

ನಕ್ಕಿದ್ದೆ. ಆಗಿನ್ನೂ ಮೊದಲ ವರ್ಷ.
ಈಗ ಮೂರನೆಯದು.
ಅವಳು ಕೇಳಿದ್ದು ಅಷ್ಟೇನೂ ತಪ್ಪಲ್ಲ.
ಮೈ ಅಳತೆ ತೆಗೆಯದೆ
ನಾವೂ ಬಟ್ಟೆ ಕತ್ತರಿಸಿಬಿಡುತ್ತೇವೆ ಎಷ್ಟೋ ಸಲ.

ದಾವಣಗೆರೆಯ ಆ ಓಣಿಗೆ
ಬೆಳಗಾಗುವುದು ಹೊಗೆಯಿಂದ.
ಭಟ್ಟಿಯ ಹೊಟ್ಟೆಯಲ್ಲಿ ಮರಳು ಕಾದು
ಅಕ್ಕಿ ಅರಳುವ ಚಟಪಟ
ಶಾಲೆಯ ಪ್ರಾರ್ಥನೆಗೆ ಹಿಮ್ಮೇಳ.
ಕರಿಹಲಗೆ ಒರೆಸಿದ ಬಟ್ಟೆಯಲ್ಲಿ
ಸೀಮೆಸುಣ್ಣಕ್ಕಿಂತ ಮಸಿಯೇ ಹೆಚ್ಚು.
ಅಲ್ಲಿಗೆ ಕಳಿಸಿದರು ನನ್ನ, ಆರು ವಾರ,
ಐದನೇ ತರಗತಿ, ಗಣಿತ,
ಇಪ್ಪತ್ತೆಂಟು ಹೆಸರು, ಹಾಜರಿ ಹತ್ತೊಂಬತ್ತು.

ಪಾಠಯೋಜನೆಗೆ ಐದು ಕಾಲಂ, ಮೂರು ಬಣ್ಣದ ಶಾಯಿ.
ಉದ್ದೇಶ: ಲೀಟರು, ಮಿಲಿಲೀಟರು.
ಸಾಮಗ್ರಿ: ಗಾಜಿನ ಅಳತೆಪಾತ್ರೆ ನಾಲ್ಕು, ನೀಲಿ ಬೆರೆಸಿದ ನೀರು.
‘ಮಕ್ಕಳು ಬೆರಗಾಗುವರು’ ಎಂದು
ಹನ್ನೆರಡನೇ ನಿಮಿಷದ ಎದುರು
ನಾನೇ ಬರೆದಿಟ್ಟಿದ್ದೆ.

ಹಿಂದಿನ ಬೆಂಚಲ್ಲಿ ವಾಗೀಶಯ್ಯ ಸರ್,
ತೊಡೆಯ ಮೇಲೆ ವೀಕ್ಷಣಾ ನಮೂನೆ,
ಮೊಣಕಾಲು ಗಲ್ಲಕ್ಕೆ ತಾಗುವಂತೆ
ಮಡಚಿಟ್ಟ ಕೊಡೆಯ ಹಾಗೆ ಕೂತಿದ್ದರು.

ಹನ್ನೆರಡನೇ ನಿಮಿಷ ಬಂತು.
ಯಾರೂ ಬೆರಗಾಗಲಿಲ್ಲ.

ದಾದಾಪೀರ್ ಎಡಗೈ ಎತ್ತಿದ.
ಬಲಗೈ ಚಡ್ಡಿಯ ಜೇಬಲ್ಲಿ ಮಂಡಕ್ಕಿ ಕಾಯುತ್ತಿತ್ತು.

‘ನೀರು ಸುಳ್ಳು ಹೇಳಲ್ಲ ಟೀಚರ್.
ಮಂಡಕ್ಕಿ ಹೇಳ್ತತೆ.
ಹಂಗೇ ಸುರುವಿದ್ರೆ ಒಂದು ಸೇರು.
ಕುಲುಕಿ ಕುಲುಕಿ ಸುರುವಿದ್ರೆ
ಅದೇ ಸೇರು ಇನ್ನೊಂದು ಬೊಗಸೆ ಹಿಡಿತತೆ.
ಸಾವ್ಕಾರ ನಮ್ಮತ್ರ ತಗಳವಾಗ ಕುಲುಕ್ತಾನೆ,
ಅಂಗಡ್ಯಾಗೆ ಮಾರವಾಗ ಕುಲುಕಲ್ಲ.
ಎರಡ್ರಾಗೆ ಲೀಟರ್ ಯಾವ್ದು?’

ಐದು ಕಾಲಂ ಹುಡುಕಿದೆ.
ಸಾವ್ಕಾರನಿಗೆ ಜಾಗವಿರಲಿಲ್ಲ.

‘ನಮ್ಮಮ್ಮನೂ ಕುಲುಕ್ತಾಳೆ,
ಕೊಂಡ್ಕೊಳವಾಗ!’ ಎಂದಳು ಮುಬೀನಾ.
ನಗು. ಜಗಳ. ಯಾರದೋ ಸ್ಲೇಟು ಬಿತ್ತು.
ನೀಲಿ ನೀರನ್ನು ಕಿಟಕಿಯಾಚೆ ಚೆಲ್ಲಿ
ದುಪಟ್ಟಾದಿಂದ ಗಾಜು ಒರೆಸಿದೆ.
ಜೇಬುಗಳಿಂದ, ಚೀಲಗಳಿಂದ, ಒಂದು ಟೋಪಿಯೊಳಗಿಂದ
ಮಂಡಕ್ಕಿ ಬಂದು ಬಿತ್ತು.

ಸುರುವಿದೆವು: ಐನೂರರ ಗೆರೆ.
ಕುಲುಕಿದೆವು: ನಾನೂರ ಅರವತ್ತು.
ಇನ್ನೊಮ್ಮೆ: ನಾನೂರ ನಲವತ್ತು.
ಎಷ್ಟು ಸಲ ಕುಲುಕಿದರೆ ಇದು ನಿಲ್ಲುತ್ತದೆ?
ಎಂದೂ ಬಾಯಿ ಬಿಡದ ತಿಪ್ಪೇಶಿ
ಗೋಡೆಯ ಮೇಲೆ ಗೀಟು ಹಾಕುತ್ತಾ ಹೋದ.
ಗಂಟೆ ಹೊಡೆಯಿತು.
ಮೌಲ್ಯಮಾಪನ ಮಾಡಬೇಕಿದ್ದ ಏಳು ನಿಮಿಷದಲ್ಲಿ
ದತ್ತಾಂಶವನ್ನೆಲ್ಲ ತಿಂದು ಮುಗಿಸಿದ್ದರು.

ನಮೂನೆಯಲ್ಲಿ ಸರ್ ಬರೆದದ್ದು:
ಉದ್ದೇಶ ಈಡೇರಿಲ್ಲ. ಸಮಯಪಾಲನೆ ಸಾಲದು.
ನೆಲ ಗುಡಿಸಿಸಿ.
ಕೆಳಗೆ ಮೂಲೆಯಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ:
ಕೊನೆಗೆ ನಿಂತದ್ದು ಎಷ್ಟನೇ ಸಲಕ್ಕೆ?

ಗೊತ್ತಿಲ್ಲ ಸರ್.
ತಿಪ್ಪೇಶಿಯ ಗೀಟುಗಳು ಗೋಡೆಯ ಮೇಲಿವೆ,
ಹದಿನೇಳು, ಅಥವಾ ಹದಿನೆಂಟು;
ಒಂದು ಹಳೆಯ ಬಿರುಕು, ಗೀಟಿನಂತೆಯೇ ಇದೆ.

ರಾತ್ರಿ ಹಾಸ್ಟೆಲಿನಲ್ಲಿ ದಿನಚರಿ ತೆರೆದರೆ
ಅಚ್ಚಾದ ಪ್ರಶ್ನೆ ಎಂದಿನಂತೆ ಕಾದಿತ್ತು:
ಇಂದು ನೀವು ಕಲಿತದ್ದೇನು? ನೂರು ಪದ ಮೀರದಂತೆ.
ಬರೆದೆ:
ತುಂಬಿತ್ತು ಅಂದುಕೊಂಡಿದ್ದೆ. ಕುಲುಕಿದರು. ತಗ್ಗಿತು.

ಇನ್ನು ತೊಂಬತ್ತೈದು ಪದ ಉಳಿದಿವೆ.
ಪೆನ್ನಿಗಾಗಿ ಚೀಲ ತಡಕಿದರೆ
ಯಾರೋ ಹಾಕಿಟ್ಟ ಒಂದು ಹಿಡಿ ಮಂಡಕ್ಕಿ,
ಗಾಳಿ ತಾಗಿ ಮೆತ್ತಗಾಗಿದೆ.
ಒಂದೊಂದೇ ತಿನ್ನುತ್ತಾ ಕೂತಿದ್ದೇನೆ.